ನಮ್ಮ ಮೊದಲನೆಯ ವಿಮಾನದಳವೂ ಪರದೇಶದ ವಿಮಾನಗಳೂ

೨೦೨೫ನೆಯ ಇಸವಿ ಸೆಪ್ಟೆಂಬರು ೨೬ನೆಯ ತಾರೀಖಿನ ದಿನ ಚಂಡೀಗಢದಲ್ಲಿ ಮಿಗ್-೨೧ ಯುದ್ಧವಿಮಾನಗಳಿಗೆ ವಿದಾಯ ಹೇಳಲಾಯಿತು. ೧೯೬೩ರಲ್ಲಿ ಅದೇ ಊರಿನಲ್ಲಿ ವಾಯುಪಡೆಯನ್ನು ಸೇರಿದ ಈ ರಷ್ಯದ ವಿಮಾನವು ಅರುವತ್ತೆರಡು ವರ್ಷಗಳ ಕಾಲ ದೇಶದ ಆಕಾಶವನ್ನು ಕಾಯ್ದಿತು. ಅದರ ಗುಣದೋಷಗಳ ಚರ್ಚೆಗೆ ಇದು ಸ್ಥಳವಲ್ಲ. ಆ ದಿನದ ಉತ್ಸವದ ವರ್ಣನೆಗಳ ನಡುವೆ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಒಂದು ಲೆಕ್ಕವು ಮಾತ್ರ ನಮ್ಮ ಮನಸ್ಸನ್ನು ಬಿಟ್ಟಿಲ್ಲ. ಮಿಗ್-೨೧ಗಳ ಕಡೆಯ ಎರಡು ದಳಗಳು ಆ ದಿನ ವಿಮಾನವಿಲ್ಲದಾದುವು. ಭಾರತೀಯ ವಾಯುಪಡೆಯ ಯುದ್ಧವಿಮಾನ ದಳಗಳ, ಎಂದರೆ ಸ್ಕ್ವಾಡ್ರನ್ನುಗಳ, ಸಂಖ್ಯೆ ೨೯ಕ್ಕೆ ಇಳಿಯಿತು. ಸರಕಾರವೇ ಮಂಜೂರು ಮಾಡಿರುವ ಸಂಖ್ಯೆ ೪೨. ಪಶ್ಚಿಮದಲ್ಲಿ ಪಾಕಿಸ್ತಾನವನ್ನೂ ಉತ್ತರದಲ್ಲಿ ಚೀನವನ್ನೂ ಎದುರಿಟ್ಟುಕೊಂಡಿರುವ ದೇಶಕ್ಕೆ ಹದಿಮೂರು ದಳಗಳ ಕೊರತೆಯು ಹಗುರವಾದ ಮಾತಲ್ಲ.

ಈ ಕೊರತೆಯ ಬಗೆಗೆ ಎರಡು ಪಕ್ಷಗಳು ವಾದಿಸುತ್ತಿವೆ. ವಿದೇಶದಿಂದ ಬೇಗನೆ ಕೊಂಡು ತರಬೇಕೆಂಬುದು ಒಂದು ಪಕ್ಷ. ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ದೂಷಿಸಿ ಕೈತೊಳೆದುಕೊಳ್ಳುವುದು ಇನ್ನೊಂದು. ಎರಡು ಪಕ್ಷದವರೂ ನಿನ್ನೆಮೊನ್ನೆಯ ಸಂಗತಿಗಳನ್ನು ಮಾತ್ರ ನೋಡಿ ಮಾತನಾಡುತ್ತಿರುವರೆಂದು ನಮಗೆ ತೋರುತ್ತದೆ. ರೋಗವು ಹಳೆಯದು. ಅದನ್ನು ಅರಿಯಬೇಕಾದರೆ ವಾಯುಪಡೆಯ ಇಡೀ ಚರಿತ್ರೆಯನ್ನು ಓದಬೇಕಾದುದಿಲ್ಲ. ಅದರ ಮೊತ್ತಮೊದಲನೆಯ ದಳವೊಂದರ ಚರಿತ್ರೆಯು ಸಾಕು. ಹುಲಿಯ ಲಾಂಛನವುಳ್ಳ ಒಂದನೆಯ ಸ್ಕ್ವಾಡ್ರನ್ನೇ ಆ ದಳ.

ಭಾರತೀಯನು ಆಕಾಶದಲ್ಲಿ ಕಾದಾಡಬಲ್ಲನೆ ಎಂಬ ಸಂದೇಹವು ಆಂಗ್ಲ ಅಧಿಕಾರವರ್ಗಕ್ಕೆ ಬಹುಕಾಲ ಇತ್ತು. ಸಂದೇಹವೆನ್ನುವುದು ಸೌಜನ್ಯದ ಮಾತು. ಕಲಿಸಲು ಇಷ್ಟವಿರಲಿಲ್ಲವೆನ್ನುವುದು ಸತ್ಯದ ಮಾತು. ಏಕೆಂದರೆ ಉತ್ತರವು ೧೯೧೮ರಲ್ಲಿಯೇ ದೊರಕಿತ್ತು. ಹತ್ತೊಂಬತ್ತು ವರ್ಷದ ಬಂಗಾಳಿ ತರುಣನಾದ ಇಂದ್ರಲಾಲ ರಾಯನು ಆ ವರ್ಷದ ಜುಲೈ ತಿಂಗಳಿನಲ್ಲಿ ಎರಡು ವಾರಗಳು ತುಂಬುವುದರೊಳಗೆ ಶತ್ರುಗಳ ಮೇಲೆ ಹತ್ತು ವಿಜಯಗಳನ್ನು ಸಂಪಾದಿಸಿ, ಅದೇ ತಿಂಗಳು ಫ್ರಾನ್ಸಿನ ಆಕಾಶದಲ್ಲಿ ಮಡಿದನು. ಹರದಿತ್ ಸಿಂಗ್ ಮಲಿಕರು ಅದೇ ಯುದ್ಧದಲ್ಲಿ ಗಾಯಗೊಂಡು ಬದುಕಿ ಬಂದರು. ಇಷ್ಟಾದರೂ ಯುದ್ಧವು ಮುಗಿದ ಮೇಲೆ ಭಾರತೀಯರಿಗೆ ವಿಮಾನದಳದ ಬಾಗಿಲು ಮತ್ತೆ ಮುಚ್ಚಿಯೇ ಇತ್ತು.

ಆ ಬಾಗಿಲನ್ನು ತೆರೆಸಿದುದು ರಾಜಕೀಯ ಹೋರಾಟವೇ ಹೊರತು ಯಾರ ಔದಾರ್ಯವೂ ಅಲ್ಲ. ಕೇಂದ್ರ ಶಾಸನಸಭೆಯಲ್ಲಿ ನಮ್ಮ ಮುಖಂಡರು ಸೈನ್ಯದ ಭಾರತೀಕರಣಕ್ಕಾಗಿ ವರ್ಷವರ್ಷವೂ ಹಟ ಹಿಡಿದುದರ ಫಲವಾಗಿ ೧೯೨೫ರಲ್ಲಿ ಸರ್ ಆಂಡ್ರೂ ಸ್ಕೀನರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಯಿತು. ಪಂಡಿತ ಮೋತಿಲಾಲ ನೆಹರೂ ಅವರೂ ಮಹಮ್ಮದಾಲಿ ಜಿನ್ನಾ ಅವರೂ ಅದರ ಸದಸ್ಯರಾಗಿದ್ದರು. ಇಂಗ್ಲೆಂಡಿನ ಕ್ರಾನ್‌ವೆಲ್ ವೈಮಾನಿಕ ಕಾಲೇಜಿಗೆ ಭಾರತೀಯ ವಿದ್ಯಾರ್ಥಿಗಳು ಪ್ರವೇಶಿಸಲು ಈ ಸಮಿತಿಯ ಶಿಫಾರಸೇ ಮೂಲವಾಯಿತು. ೧೯೩೨ನೆಯ ಅಕ್ಟೋಬರು ೮ರಂದು ಭಾರತೀಯ ವಾಯುಪಡೆಯು ಕಾಗದದ ಮೇಲೆ ಹುಟ್ಟಿತು. ೧೯೩೩ನೆಯ ಏಪ್ರಿಲ್ ೧ರಂದು ಕರಾಚಿಯ ಬಳಿಯ ಡ್ರಿಗ್ ರೋಡಿನಲ್ಲಿ ಒಂದನೆಯ ದಳದ ಮೊದಲ ತುಕಡಿಯು ಕಣ್ಣಿಗೆ ಕಾಣುವಂತೆ ಬಂದಿತು.

ಏನು ಕಂಡಿತು? ವಾಪಿಟಿ ಎಂಬ ಹೆಸರಿನ, ಎರಡಂತಸ್ತಿನ ರೆಕ್ಕೆಗಳ, ನಾಲ್ಕು ವಿಮಾನಗಳು. ಐವರು ಭಾರತೀಯ ವಿಮಾನಚಾಲಕರು. ಸಾಮಾನು ಸರಬರಾಜಿಗೆ ಒಬ್ಬ ಅಧಿಕಾರಿ. ಯಂತ್ರಗಳನ್ನು ನೋಡಿಕೊಳ್ಳಲು ಹವಾಯಿ ಸಿಪಾಯಿಗಳೆಂದು ಕರೆಯಲ್ಪಟ್ಟ ೧೯ ಜನ. ಇವರ ಮೇಲೆ ಬೂಷಿಯರ್ ಎಂಬ ಆಂಗ್ಲ ನಾಯಕ. ಇದು ಕಾದಾಟದ ವಿಮಾನಗಳ ದಳವೂ ಆಗಿರಲಿಲ್ಲ. ಭೂಸೈನ್ಯಕ್ಕೆ ಮೇಲಿನಿಂದ ನೆರವಾಗುವ ಸಹಕಾರದಳ. ದಳವು ಹುಟ್ಟಿದ ವರ್ಷವೇ ಐವರಲ್ಲಿ ಇಬ್ಬರು, ಭೂಪೇಂದ್ರ ಸಿಂಗ್ ಮತ್ತು ಅಮರಜಿತ್ ಸಿಂಗ್, ಅಪಘಾತದಲ್ಲಿ ತೀರಿಕೊಂಡರು. ಮೂರು ತುಕಡಿಗಳು ಕೂಡಿ ದಳವು ಪೂರ್ಣವಾಗಬೇಕಾದರೆ ೧೯೩೮ನೆಯ ಇಸವಿ ಬಂದಿತು. ಮೂವತ್ತೈದು ಕೋಟಿ ಜನರ ದೇಶದಲ್ಲಿ ಒಂದು ದಳವನ್ನು ಕಟ್ಟಲು ಐದು ವರ್ಷ ಹಿಡಿಯಿತೆಂದರೆ ಕಟ್ಟುವವರ ಮನಸ್ಸು ಎಂಥದಾಗಿತ್ತೆಂದು ಹೇಳಬೇಕಾದುದಿಲ್ಲ.

ಈ ದಳದ ಮೊದಲ ಯುದ್ಧಕಾರ್ಯವನ್ನು ಕುರಿತು ನಮ್ಮವರು ಬರೆಯುವಾಗ ಒಂದು ವಿಷಯವನ್ನು ನಯವಾಗಿ ದಾಟಿಬಿಡುವುದು ವಾಡಿಕೆ. ೧೯೩೭ರಲ್ಲಿ ಅದರ ವಿಮಾನಗಳು ಹಾರಿದುದು ವಾಯವ್ಯ ಸರಹದ್ದಿನ ಉತ್ತರ ವಜೀರಿಸ್ತಾನದಲ್ಲಿ, ಇಪಿಯ ಫಕೀರನ ಪಕ್ಷ ವಹಿಸಿದ ಬುಡಕಟ್ಟುಗಳ ಮೇಲೆ. ಸಾಮ್ರಾಜ್ಯದ ಆಜ್ಞೆಯಂತೆ, ಸಾಮ್ರಾಜ್ಯವನ್ನು ಒಪ್ಪದಿದ್ದ ಗುಡ್ಡಗಾಡಿನ ಜನರ ಮೇಲೆ ನಮ್ಮ ತರುಣರು ಬಾಂಬು ಹಾಕಬೇಕಾಯಿತು. ಇದಕ್ಕಾಗಿ ಆ ತರುಣರನ್ನು ನಿಂದಿಸುವುದು ಅನ್ಯಾಯ. ಅವರು ವಿದ್ಯೆ ಕಲಿಯಲು ಬೇರೆ ಶಾಲೆಯೇ ಇರಲಿಲ್ಲ. ಆದರೆ ವಿಮಾನವೂ ಅದರ ಗುರಿಯೂ ಎರಡೂ ಪರರವಾಗಿದ್ದುವೆಂಬುದನ್ನು ಮರೆಯುವುದೂ ಸರಿಯಲ್ಲ. ಮುಂದೆ ಗುರಿಯು ನಮ್ಮದಾಯಿತು. ವಿಮಾನದ ಮಾತನ್ನು ಮುಂದೆ ನೋಡೋಣ.

೧೯೩೯ರ ಮಾರ್ಚಿಯಲ್ಲಿ ಸುಬ್ರತೋ ಮುಕರ್ಜಿಯವರು ಈ ದಳದ ನಾಯಕತ್ವವನ್ನು ವಹಿಸಿಕೊಂಡರು. ಒಂದು ವಿಮಾನದಳವನ್ನು ನಡೆಸಿದ ಮೊದಲನೆಯ ಭಾರತೀಯರು ಇವರೇ. ಡ್ರಿಗ್ ರೋಡಿನ ಆ ಐವರಲ್ಲಿ ಒಬ್ಬರಾದ ಇವರು, ದಳವು ಹುಟ್ಟಿದ ದಿನದಿಂದ ಸರಿಯಾಗಿ ಇಪ್ಪತ್ತೊಂದು ವರ್ಷ ತುಂಬಿದ ೧೯೫೪ನೆಯ ಏಪ್ರಿಲ್ ೧ರಂದು ಇಡೀ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಆ ದಿನದವರೆಗೂ, ಸ್ವಾತಂತ್ರ್ಯ ಬಂದು ಆರೂವರೆ ವರ್ಷ ಕಳೆದಿದ್ದರೂ, ಆ ಪದವಿಯಲ್ಲಿ ಆಂಗ್ಲರೇ ಇದ್ದರೆಂಬುದು ಈಗಿನ ಎಷ್ಟೋ ಮಂದಿಗೆ ತಿಳಿಯದು.

ಬರ್ಮದ ಯುದ್ಧದಲ್ಲಿ ಈ ದಳವು ನಡೆದುಕೊಂಡ ರೀತಿಯು ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ೧೯೪೧ರಲ್ಲಿ ದಳಕ್ಕೆ ಲೈಸ್ಯಾಂಡರ್ ಎಂಬ ವಿಮಾನಗಳು ಬಂದುವು. ಮುಂಬಯಿಯ ಯುದ್ಧನಿಧಿಯು ಹನ್ನೆರಡು ವಿಮಾನಗಳನ್ನು ದಳಕ್ಕೆ ಕಾಣಿಕೆಯಾಗಿ ಕೊಟ್ಟಿತು. ಹಣ ಮುಂಬಯಿಯದು, ಯಂತ್ರ ಇಂಗ್ಲೆಂಡಿನದು. ಲೈಸ್ಯಾಂಡರು ಸಂದೇಶ ಒಯ್ಯಲು, ಶತ್ರುಸೈನ್ಯದ ಚಲನವಲನಗಳನ್ನು ನೋಡಿ ಬರಲು ಮಾಡಿದ ನಿಧಾನಗತಿಯ ವಿಮಾನ. ಜಪಾನೀಯರು ಬರ್ಮದಲ್ಲಿ ನುಗ್ಗಿ ಬರುತ್ತಿದ್ದಾಗ, ೧೯೪೨ರ ಫೆಬ್ರುವರಿಯ ಆರಂಭದಲ್ಲಿ, ಕೆ. ಕೆ. ಮಜುಮ್ದಾರರ ನಾಯಕತ್ವದಲ್ಲಿ ದಳವು ಟೌಂಗೂ ಎಂಬ ನೆಲೆಯನ್ನು ಸೇರಿತು. ಆ ಹಗುರ ವಿಮಾನಕ್ಕೆ ತಲಾ ೨೫೦ ಪೌಂಡಿನ ಎರಡು ಬಾಂಬುಗಳನ್ನು ತೂಗುಹಾಕುವ ಏರ್ಪಾಡನ್ನು ದಳದವರೇ ಸ್ಥಳದಲ್ಲಿ ಮಾಡಿಕೊಂಡರು. ಮರುದಿನವೇ ಮಜುಮ್ದಾರರು ಸಯಾಮಿನ ಗಡಿಯಾಚೆಗಿದ್ದ ಜಪಾನೀಯರ ವಿಮಾನ ನಿಲ್ದಾಣದ ಮೇಲೆ ಮರಗಳ ಎತ್ತರದಲ್ಲಿ ಹಾರಿಹೋಗಿ ಬಾಂಬು ಹಾಕಿ ಬಂದರು. ಅದರ ಮರುದಿನ ಇಡೀ ದಳವನ್ನೇ ಕರೆದೊಯ್ದರು. ಕೊಟ್ಟ ಯಂತ್ರವು ಕೆಲಸಕ್ಕೆ ತಕ್ಕದ್ದಲ್ಲವೆಂದು ಕೈಕಟ್ಟಿ ಕೂರಲಿಲ್ಲ. ಯಂತ್ರವನ್ನು ತಿದ್ದಿ ಕೆಲಸಕ್ಕೆ ಒದಗಿಸಿಕೊಂಡರು. ನಮ್ಮ ದೇಶದಲ್ಲಿ ಎಂಜಿನಿಯರಿಂಗ್ ಬುದ್ಧಿಯೇ ಇಲ್ಲವೆನ್ನುವವರು ಟೌಂಗೂವಿನ ಆ ರಾತ್ರಿಯ ಕೆಲಸವನ್ನು ಜ್ಞಾಪಿಸಿಕೊಳ್ಳಬೇಕು. ಅಲ್ಲಿ ಬಡಗಿಯ ಹತಾರದಂಥ ಉಪಕರಣಗಳಿಂದ ಅದನ್ನು ಮಾಡಿದವರು ಹವಾಯಿ ಸಿಪಾಯಿಗಳ ಪರಂಪರೆಯವರೇ.

೧೯೪೪ರಲ್ಲಿ ಇದೇ ದಳವು ಹರಿಕೇನ್ ವಿಮಾನಗಳೊಡನೆ ಇಂಫಾಲದಲ್ಲಿ ನಿಂತಿತು. ನಾಯಕರು ಅರ್ಜನ್ ಸಿಂಗರು. ಜಪಾನೀಯರು ಊರನ್ನು ಸುತ್ತುಗಟ್ಟಿದ ಆ ತಿಂಗಳುಗಳಲ್ಲಿ ದಳವು ಸ್ಥಳವನ್ನು ಬಿಡಲಿಲ್ಲ. ಸಾಹಸಕ್ಕಾಗಿ ಲಾರ್ಡ್ ಮೌಂಟ್‌ಬ್ಯಾಟನ್ನರು ತಾವೇ ಇಂಫಾಲಕ್ಕೆ ಬಂದು ಅರ್ಜನ್ ಸಿಂಗರ ಎದೆಗೆ ಪದಕವನ್ನು ತೊಡಿಸಿದರು. ಇಲ್ಲಿಯೂ ಒಂದು ಮಾತನ್ನು ಮುಚ್ಚಿಡಲಾಗದು. ಸುತ್ತುಗಟ್ಟಿದ ಸೈನ್ಯದ ಜೊತೆಯಲ್ಲಿ ನೇತಾಜಿಯವರ ಆಜಾದ್ ಹಿಂದ್ ಫೌಜಿನ ಭಾರತೀಯರೂ ಇದ್ದರು. ಒಂದೇ ಕಣಿವೆಯಲ್ಲಿ, ಕೆಳಗೂ ಮೇಲೂ, ಎರಡು ಪಕ್ಷಗಳಲ್ಲಿಯೂ ನಮ್ಮ ಮಕ್ಕಳೇ ಸತ್ತರು. ಒಬ್ಬರನ್ನು ಹೊಗಳುವುದಕ್ಕಾಗಿ ಇನ್ನೊಬ್ಬರನ್ನು ಹಳಿಯುವ ಚರಿತ್ರೆಕಾರರ ಗುಂಪಿಗೆ ನಾವು ಸೇರಿದವರಲ್ಲ. ಪರಾಧೀನ ದೇಶದ ಶೌರ್ಯವು ಹೀಗೆ ಎರಡಾಗಿ ಸೀಳಿಹೋಗುವುದು ಸಹಜವೆಂದಷ್ಟೇ ಹೇಳುತ್ತೇವೆ.

ಸೀಳುವಿಕೆಯು ಅಷ್ಟಕ್ಕೆ ನಿಲ್ಲಲಿಲ್ಲ. ೧೯೪೭ರಲ್ಲಿ ದೇಶವು ಇಬ್ಭಾಗವಾದಾಗ ದಳವಿದ್ದುದು ಪೇಶಾವರದಲ್ಲಿ. ಅದರ ವಿಮಾನಗಳು ಪಾಕಿಸ್ತಾನದ ಪಾಲಾದುವು. ಅದು ಹುಟ್ಟಿದ ಡ್ರಿಗ್ ರೋಡು, ಅದು ಹಾರಲು ಕಲಿತ ಸರಹದ್ದಿನ ಮೀರಾನ್‌ಶಾ, ಎಲ್ಲವೂ ಗಡಿಯಾಚೆಗೆ ಹೋದುವು. ಭಾರತದ ಕಡೆಗೆ ಉಳಿದುದು ‘ಒಂದು’ ಎಂಬ ಅಂಕಿ ಮಾತ್ರ. ಆ ಅಂಕಿಗೆ ವಿಮಾನವೂ ಇರಲಿಲ್ಲ, ನೆಲೆಯೂ ಇರಲಿಲ್ಲ. ೧೯೫೩ರಲ್ಲಿ ೧೫ನೆಯ ಸ್ಕ್ವಾಡ್ರನ್ನಿಗೆ ಆ ಅಂಕಿಯನ್ನು ಕೊಟ್ಟು ಹಳೆಯ ದಳವನ್ನು ಪುನಃ ಬದುಕಿಸಲಾಯಿತು. ಹೆಸರು ಕೊಟ್ಟ ಮಾತ್ರಕ್ಕೆ ವಂಶ ಮುಂದುವರಿಯುತ್ತದೆಯೆ ಎಂದು ಯಾರಾದರೂ ಕೇಳಬಹುದು. ದತ್ತಕದ ಶಾಸ್ತ್ರವನ್ನು ಬಲ್ಲ ನಮ್ಮ ಜನರಿಗೆ ಇದರ ಉತ್ತರವನ್ನು ವಿವರಿಸಬೇಕಾಗಿಲ್ಲ. ದತ್ತಕಕ್ಕೆ ಬಂದವರು ಮನೆತನಕ್ಕೆ ತಕ್ಕಂತೆ ನಡೆದರೊ ಇಲ್ಲವೊ ಎಂಬುದನ್ನು ೧೯೬೫ನೆಯ ಇಸವಿಯು ತೋರಿಸಿತು.

ಆ ಹೊತ್ತಿಗೆ ದಳದ ಬಳಿ ಇದ್ದುದು ಫ್ರಾನ್ಸಿನ ಮಿಸ್ಟೇರ್ ವಿಮಾನಗಳು; ನೆಲೆ ಪಂಜಾಬಿನ ಆದಂಪುರ; ವಾಯುಪಡೆಯ ಮುಖ್ಯಸ್ಥರು ಇಂಫಾಲದ ಅದೇ ಅರ್ಜನ್ ಸಿಂಗರು. ಸೆಪ್ಟೆಂಬರು ೭ರ ನಸುಕಿನಲ್ಲಿ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರು ಹನ್ನೆರಡು ವಿಮಾನಗಳ ತಂಡವನ್ನು ಕಟ್ಟಿಕೊಂಡು ಪಾಕಿಸ್ತಾನದ ಅತ್ಯಂತ ಬಲವಾದ ವಾಯುನೆಲೆಯಾದ ಸರ್ಗೋಧಾದ ಮೇಲೆ ಹೋಗಬೇಕೆಂದು ನಿಶ್ಚಯವಾಯಿತು. ಯಾವುದಾದರೂ ವಿಮಾನವು ಕೆಟ್ಟು ಹಿಂದೆ ನಿಂತರೆ ಅದರ ಸ್ಥಾನವನ್ನು ತುಂಬುವುದಕ್ಕಾಗಿ ಬದಲಿಯಾಗಿ ನಿಂತವರಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಒಬ್ಬರು. ಅವರು ಶಿಕ್ಷಕರಾಗಿದ್ದವರು, ಯುದ್ಧವು ಬಂದುದರಿಂದ ದಳವನ್ನು ಸೇರಿಕೊಂಡಿದ್ದರು. ಬದಲಿಯವನಾಗಿ ನಿಂತವನು ಹೋಗದೆ ಉಳಿದಿದ್ದರೆ ಯಾರೂ ಬೆರಳೆತ್ತಿ ತೋರಿಸುತ್ತಿರಲಿಲ್ಲ. ದೇವಯ್ಯನವರು ಹೋದರು. ಮರಳಿ ಬರಲಿಲ್ಲ. ದಳದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕಾಣೆಯಾದರೆಂದು ಬರೆದರು. ಏನಾಯಿತೆಂದು ಹೇಳಬಲ್ಲವರು ನಮ್ಮ ಕಡೆಯಲ್ಲಿ ಒಬ್ಬರೂ ಇರಲಿಲ್ಲ, ಏಕೆಂದರೆ ಅವರನ್ನು ಕಡೆಯ ಬಾರಿ ಕಂಡವರು ಶತ್ರುಗಳು.

ಹದಿನಾಲ್ಕು ವರ್ಷಗಳ ತರುವಾಯ, ೧೯೭೯ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಆ ಯುದ್ಧದ ಚರಿತ್ರೆಯನ್ನು ಬರೆದು ಪ್ರಕಟಿಸಿದರು. ಸರ್ಗೋಧಾದ ಮೇಲೆ ಬಂದ ವಿಮಾನಗಳಲ್ಲಿ ಒಂದನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವು ಬೆನ್ನಟ್ಟಿ ಹೊಡೆಯಿತೆಂದೂ, ಏಟು ತಿಂದ ಆ ಭಾರತೀಯನು ಓಡಿಹೋಗದೆ ತಿರುಗಿಬಿದ್ದು ಕಾದಾಡಿ ಬೆನ್ನಟ್ಟಿದವನನ್ನೇ ಕೆಡವಿದನೆಂದೂ, ಪಾಕಿಸ್ತಾನದ ಚಾಲಕನು ಕೊಡೆಯ ಸಹಾಯದಿಂದ ಇಳಿದು ಬದುಕಿಕೊಂಡನೆಂದೂ ಆ ಗ್ರಂಥದಿಂದ ತಿಳಿದುಬಂದಿತು. ಸ್ಟಾರ್‌ಫೈಟರು ಶಬ್ದದ ಇಮ್ಮಡಿ ವೇಗದಲ್ಲಿ ಹಾರಬಲ್ಲ ಅಮೆರಿಕದ ವಿಮಾನ. ಮಿಸ್ಟೇರು ನೇರವಾಗಿ ಹಾರುವಾಗ ಶಬ್ದದ ವೇಗವನ್ನೂ ಮುಟ್ಟಲಾರದು. ತಮ್ಮ ತಂಡದಿಂದ ಆ ದಿನ ಬಾರದೆ ಉಳಿದವರು ದೇವಯ್ಯನವರೊಬ್ಬರೇ ಎಂಬುದನ್ನು ಬಲ್ಲ ತನೇಜಾ ಅವರು, ವಿಷಯವು ಖಚಿತವಾದ ಮೇಲೆ, ನಿವೃತ್ತರಾಗಿದ್ದರೂ ಸರಕಾರಕ್ಕೆ ಬರೆದರು. ೧೯೮೮ರಲ್ಲಿ, ಎಂದರೆ ಸತ್ತು ಇಪ್ಪತ್ತಮೂರು ವರ್ಷಗಳ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರವು ಪ್ರದಾನವಾಯಿತು. ಅದನ್ನು ಅವರ ಪತ್ನಿಯು ಸ್ವೀಕರಿಸಿದರು.

ಈ ಸಂಗತಿಯನ್ನು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಬೇಕಾದುದೂ ನ್ಯಾಯವೇ. ಕಾರ್ಯಪ್ಪನವರ, ತಿಮ್ಮಯ್ಯನವರ ನಾಡಿನ ಮಗನಿಗೆ ಅದು ಸಲ್ಲತಕ್ಕದ್ದು. ನಮಗೆ ಹೆಮ್ಮೆಯ ಜೊತೆಗೆ ನಾಚಿಕೆಯೂ ಆಗುತ್ತದೆ. ನಮ್ಮ ವೀರನ ಕಥೆಯು ನಮಗೆ ಗೊತ್ತಾದುದು ಎದುರಾಳಿಯ ದಫ್ತರದಿಂದ, ಮೂರನೆಯ ದೇಶದವನ ಪುಸ್ತಕದ ಮೂಲಕ. ಪುಸ್ತಕವು ಅಚ್ಚಾದ ಮೇಲೂ ದಿಲ್ಲಿಯ ಕಚೇರಿಗಳಿಗೆ ಕಣ್ಣು ತೆರೆಯಲು ಒಂಬತ್ತು ವರ್ಷ ಬೇಕಾಯಿತು. ೨೦೨೫ರ ಜನವರಿಯಲ್ಲಿ ಈ ಕಥೆಯನ್ನು ಆಧರಿಸಿದ ಹಿಂದೀ ಚಲನಚಿತ್ರವೊಂದು ಬಂದಾಗ ಅದರಲ್ಲಿ ಆ ವೀರನ ಹೆಸರನ್ನೇ ಬದಲಾಯಿಸಿದ್ದರು. ಸಿನೆಮಾದವರ ಸ್ವಾತಂತ್ರ್ಯವು ಅವರದು. ಆದರೆ ಇಪ್ಪತ್ತಮೂರು ವರ್ಷ ಹೆಸರಿಲ್ಲದೆ ಉಳಿದವನಿಗೆ ಮತ್ತೆ ಬೇರೆಯ ಹೆಸರಿಡಬೇಕಾಗಿರಲಿಲ್ಲ.

ಇನ್ನು ಯಂತ್ರದ ಮಾತಿಗೆ ಬರೋಣ. ೧೯೬೫ರ ಯುದ್ಧದ ಮೇಲೆ ದಳಕ್ಕೆ ಮಿಗ್-೨೧ ಬಂದಿತು. ಸುಮಾರು ಇಪ್ಪತ್ತು ವರ್ಷಗಳ ಅನಂತರ ಫ್ರಾನ್ಸಿನ ಮಿರಾಜ್ ೨೦೦೦ ಬಂದಿತು. ದಳವು ಗ್ವಾಲಿಯರಿನಲ್ಲಿ ನೆಲೆಸಿತು. ೧೯೯೯ರ ಕಾರ್ಗಿಲ್ ಯುದ್ಧದಲ್ಲಿ ಗ್ವಾಲಿಯರಿನ ಮಿರಾಜ್‌ಗಳು, ಮುಖ್ಯವಾಗಿ ಸೋದರದಳವಾದ ಏಳನೆಯ ಸ್ಕ್ವಾಡ್ರನ್ನಿನವು, ಬೆಟ್ಟದ ತುದಿಗಳಲ್ಲಿ ಅಡಗಿದ್ದವರ ಮೇಲೆ ಗುರಿತಪ್ಪದ ಬಾಂಬುಗಳನ್ನು ಹಾಕಿದುವು. ೨೦೧೯ನೆಯ ಫೆಬ್ರುವರಿ ೨೬ರ ಬೆಳಗಿನ ಜಾವ ಬಾಳಾಕೋಟಿನ ಮೇಲೆ ಹೋದುವೂ ಮಿರಾಜ್‌ಗಳೇ. ಅವು ಹೊತ್ತ ಬಾಂಬು ಇಸ್ರೇಲಿನದು.

ವಾಪಿಟಿ, ಹಾರ್ಟ್, ಲೈಸ್ಯಾಂಡರ್, ಹರಿಕೇನ್, ಸ್ಪಿಟ್‌ಫೈರ್, ಮಿಸ್ಟೇರ್, ಮಿಗ್, ಮಿರಾಜ್: ಹೆಸರುಗಳನ್ನು ಓದಿದರೆ ಸಾಕು. ಇಂಗ್ಲೆಂಡು, ಫ್ರಾನ್ಸು, ರಷ್ಯ, ಮತ್ತೆ ಫ್ರಾನ್ಸು. ೧೯೩೩ರಿಂದ ಇತ್ತ ತೊಂಬತ್ತು ವರ್ಷ ಮೀರಿದ ಆಯುಷ್ಯದಲ್ಲಿ ಭಾರತದ ಮೊದಲನೆಯ ವಿಮಾನದಳವು ಭಾರತೀಯನು ರೂಪಿಸಿದ ಒಂದು ಯುದ್ಧವಿಮಾನವನ್ನೂ ಹಾರಿಸಿಲ್ಲ. ಮಿಗ್‌ಗಳಲ್ಲಿ ಬಹಳವನ್ನು ನಾಸಿಕದಲ್ಲಿ ಕಟ್ಟಿದರಲ್ಲವೆ ಎಂದು ಕೆಲವರು ಕೇಳಬಹುದು. ಕಟ್ಟಿದರು, ನಿಜ, ಮತ್ತೊಬ್ಬನ ನಕ್ಷೆಯಂತೆ, ಮತ್ತೊಬ್ಬನ ಅನುಮತಿಯಿಂದ.

ಕೊಂಡ ವಸ್ತುವಿನಲ್ಲಿ ಅವಮಾನವೇನೂ ಇಲ್ಲವೆಂದು ವ್ಯವಹಾರಜ್ಞರು ಹೇಳಿಯಾರು. ಅವಮಾನದ ಮಾತನ್ನು ನಾವೂ ಬಿಟ್ಟುಬಿಡುತ್ತೇವೆ. ಲಾಭನಷ್ಟದ ಮಾತನ್ನೇ ಆಡೋಣ. ೧೯೬೫ರಲ್ಲಿ ಯುದ್ಧವು ನಡೆಯುತ್ತಿರುವಾಗಲೇ ಅಮೆರಿಕವು ಭಾರತಕ್ಕೂ ಪಾಕಿಸ್ತಾನಕ್ಕೂ ಆಯುಧಗಳನ್ನು ಕೊಡುವುದನ್ನು ನಿಲ್ಲಿಸಿತು. ೧೯೯೮ರ ಅಣುಪರೀಕ್ಷೆಗಳ ತರುವಾಯ ಅದೇ ದೇಶವು ನಿರ್ಬಂಧಗಳನ್ನು ಹೇರಿ, ನಮ್ಮ ಹಗುರ ಯುದ್ಧವಿಮಾನದ ನಿಯಂತ್ರಣ ವ್ಯವಸ್ಥೆಗಾಗಿ ಅಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ವಿಜ್ಞಾನಿಗಳನ್ನು ಹೊರಗೆ ಕಳುಹಿಸಿತು. ಮಿರಾಜ್‌ಗಳ ವಿಷಯದಲ್ಲಿ ಫ್ರಾನ್ಸು ಅಂಥ ಅಡ್ಡಿಯನ್ನು ಮಾಡಲಿಲ್ಲ. ಅಷ್ಟರಮಟ್ಟಿಗೆ ಅದು ಒಳ್ಳೆಯ ವ್ಯಾಪಾರಿ. ಆದರೆ ಆ ವಿಮಾನದ ತಯಾರಿಕೆಯು ಫ್ರಾನ್ಸಿನಲ್ಲಿ ೨೦೦೭ರಲ್ಲಿ ನಿಂತುಹೋಯಿತು. ೨೦೧೧ರಲ್ಲಿ ನವೀಕರಣಕ್ಕಾಗಿ ದೊಡ್ಡ ಮೊತ್ತದ ಒಪ್ಪಂದವಾಯಿತು. ೨೦೨೧ರಲ್ಲಿ, ಆ ದೇಶವು ಸೇವೆಯಿಂದ ಬಿಟ್ಟ ಹಳೆಯ ಮಿರಾಜ್‌ಗಳನ್ನು ಬಿಡಿಭಾಗಗಳಿಗಾಗಿ ಕೊಂಡು ತರುವ ಸ್ಥಿತಿಗೆ ನಾವು ಬಂದೆವು. ಹಳೆಯ ಗಾಡಿಯನ್ನು ಓಡಿಸಲು ಗುಜರಿಯಿಂದ ಇನ್ನೊಂದು ಹಳೆಯ ಗಾಡಿಯನ್ನು ತರುವವನ ಕಷ್ಟವನ್ನು ನಮ್ಮ ಪೇಟೆಯವರಿಗೆ ಹೇಳಿಕೊಡಬೇಕೆ?

ಇದು ಬೇರೆ ರೀತಿಯಾಗಬಹುದಾಗಿತ್ತು. ಆಗಬಹುದಾಗಿದ್ದುದು ಬೆಂಗಳೂರಿನಲ್ಲಿಯೇ. ೧೯೪೦ನೆಯ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಬಂಡವಾಳ ಸಹಾಯದಿಂದ ಹಿಂದುಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲರು. ಒಂದು ದೇಶೀ ಸಂಸ್ಥಾನವು ಆಂಗ್ಲ ಸರಕಾರಕ್ಕಿಂತ ಮುಂದೆ ನೋಡಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಅದೇ ಕಾರ್ಖಾನೆಯು ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಪ್ರಸಿದ್ಧ ನಿರ್ಮಾಪಕರ ಮಾರ್ಗದರ್ಶನದಲ್ಲಿ ಮಾರುತ್ ಎಂಬ ಯುದ್ಧವಿಮಾನವನ್ನು ಕಟ್ಟಿ ೧೯೬೧ನೆಯ ಜೂನ್ ೧೭ರಂದು ಬೆಂಗಳೂರಿನ ಆಕಾಶದಲ್ಲಿ ಹಾರಿಸಿತು. ಅದರ ಒಡಲು ಶಬ್ದದ ವೇಗವನ್ನು ಮೀರಲೆಂದೇ ರೂಪುಗೊಂಡಿತ್ತು. ಅದಕ್ಕೆ ತಕ್ಕ ಎಂಜಿನು ಮಾತ್ರ ಸಿಗಲಿಲ್ಲ. ಇಂಗ್ಲೆಂಡಿನ ಕಂಪನಿಯು ಹೆಚ್ಚು ಬಲದ ಎಂಜಿನನ್ನು ಬೆಳೆಸಲು ಹಣ ಕೇಳಿದಾಗ ನಮ್ಮ ಸರಕಾರವು ಕೊಡಲೊಪ್ಪದೆ, ಇದ್ದ ಸಣ್ಣ ಎಂಜಿನುಗಳಲ್ಲಿಯೇ ತೃಪ್ತಿಪಟ್ಟಿತು. ೧೯೭೧ರ ಯುದ್ಧದಲ್ಲಿ ಮಾರುತ್ ಚೆನ್ನಾಗಿಯೇ ಕಾದಿತು. ನೂರ ನಲುವತ್ತೇಳು ವಿಮಾನಗಳನ್ನು ಕಟ್ಟಿದ ಮೇಲೆ ಆ ಕೆಲಸವು ನಿಂತಿತು. ಅದನ್ನು ಮಾಡಿ ಕಲಿತ ಕೈಗಳು ಚದುರಿದುವು. ಅಂದು ಉಳಿಸಿದ ಹಣವು ಎಷ್ಟೆಂದು ನೆನೆದರೆ, ಆಮೇಲೆ ತೆತ್ತುದರ ಮುಂದೆ ಅದು ಪುಡಿಗಾಸು.

ಮತ್ತೆ ನಲುವತ್ತು ವರ್ಷ ಕಳೆದು ೨೦೦೧ನೆಯ ಜನವರಿ ೪ರಂದು ತೇಜಸ್ ಅದೇ ಬೆಂಗಳೂರಿನಲ್ಲಿ ಹಾರಿತು. ೨೦೧೬ನೆಯ ಜುಲೈ ೧ರಂದು ೪೫ನೆಯ ಸ್ಕ್ವ಩ಡ್ರನ್ನು ಅದನ್ನು ಸ್ವೀಕರಿಸಿತು. ೨೦೨೧ರ ಫೆಬ್ರುವರಿಯಲ್ಲಿ ಸುಧಾರಿಸಿದ ಮಾದರಿಯ ೮೩ ವಿಮಾನಗಳಿಗೆ, ೨೦೨೫ರ ಸೆಪ್ಟೆಂಬರಿನಲ್ಲಿ, ಮಿಗ್‌ಗಳಿಗೆ ವಿದಾಯ ಹೇಳುವ ಹಿಂದಿನ ದಿನವೇ, ಮತ್ತೆ ೯೭ಕ್ಕೆ ಕರಾರುಗಳಾದುವು. ಎರಡನೆಯದರ ಮೊತ್ತವೇ ೬೨,೦೦೦ ಕೋಟಿ ರೂಪಾಯಿಗಳಿಗೆ ಮೇಲೆ. ಮೊದಲ ಕರಾರಿನ ವಿಮಾನಗಳು ೨೦೨೪ರಲ್ಲಿ ಬರಲು ಆರಂಭವಾಗಬೇಕಾಗಿತ್ತು. ಆ ಅವಧಿಯು ಮೀರಿಹೋಯಿತು. ಮೀರಿದುದಕ್ಕೆ ಕಾರ್ಖಾನೆಯ ನಿಧಾನವು ಒಂದು ಕಾರಣ. ೨೦೨೫ರ ಫೆಬ್ರುವರಿಯಲ್ಲಿ ಯಲಹಂಕದ ವಿಮಾನ ಪ್ರದರ್ಶನದಲ್ಲಿ ವಾಯುಪಡೆಯ ಮುಖ್ಯಸ್ಥರೇ ಕಾರ್ಖಾನೆಯ ಮೇಲೆ ತಮಗೆ ಭರವಸೆ ಇಲ್ಲವೆಂದು ಅಲ್ಲಿನವರ ಮುಖದ ಮುಂದೆ ಆಡಿದುದು ಎಲ್ಲರ ಕಿವಿಗೂ ಬಿದ್ದಿದೆ. ಆಡಿದುದು ತಪ್ಪಲ್ಲ. ಆದರೆ ಇನ್ನೊಂದು ಕಾರಣವು ಕಾರ್ಖಾನೆಯ ಗೋಡೆಯ ಹೊರಗಿದೆ: ತೇಜಸ್ಸಿನ ಎಂಜಿನು ಅಮೆರಿಕದ್ದು, ಆ ಎಂಜಿನು ಸಕಾಲದಲ್ಲಿ ಬರಲಿಲ್ಲ, ಸುಧಾರಿಸಿದ ಮಾದರಿಗೆ ಬೇಕಾದ ಮೊದಲನೆಯದು ಬಂದುದೇ ೨೦೨೫ರ ಮಾರ್ಚಿಯಲ್ಲಿ. ಬೆಂಗಳೂರಿನಲ್ಲಿಯೇ ಕಾವೇರಿ ಎಂಬ ಎಂಜಿನನ್ನು ರೂಪಿಸುವ ಕೆಲಸಕ್ಕೆ ೧೯೮೯ರಲ್ಲಿ ಮಂಜೂರಾತಿ ಸಿಕ್ಕಿತ್ತು. ಬೇಕಾದಷ್ಟು ಬಲವು ಅದರಿಂದ ಹೊರಡಲಿಲ್ಲವಾಗಿ ೨೦೦೮ರಲ್ಲಿ ಅದನ್ನು ತೇಜಸ್ಸಿನಿಂದ ಬೇರ್ಪಡಿಸಿದರು.

ಮಾರುತ್‌ನ ಕಾಲದಲ್ಲಿಯೂ ಎಂಜಿನು, ತೇಜಸ್ಸಿನ ಕಾಲದಲ್ಲಿಯೂ ಎಂಜಿನು. ಜೆಟ್ ಎಂಜಿನಿನ ಒಳಗಿನ ಅಲಗುಗಳು ಲೋಹವು ಕರಗುವಷ್ಟು ಕಾವಿನಲ್ಲಿ ಕೆಲಸ ಮಾಡಬೇಕಾದವು. ಅಂಥ ಲೋಹವಿದ್ಯೆಯನ್ನು ಯಾವ ದೇಶವೂ ಬೆಲೆಗೆ ಮಾರುವುದಿಲ್ಲ. ದಶಕಗಳ ಕಾಲ ಸೋತು ಕಲಿಯಬೇಕು. ಸೋಲಿಗೆ ಹಣ ಕೊಡುವ ಧೈರ್ಯವು ನಮ್ಮ ಖಜಾನೆಯ ಅಧಿಕಾರಿಗಳಲ್ಲಿ ಎಂದೂ ಇರಲಿಲ್ಲ. ಕಾವೇರಿಯ ಎಂಜಿನನ್ನು ಎತ್ತರದ ಹಾರಾಟದಲ್ಲಿ ಪರೀಕ್ಷಿಸಲು ರಷ್ಯಕ್ಕೆ ಒಯ್ಯಬೇಕಾಯಿತು. ಪರೀಕ್ಷೆಗೆ ಬೇಕಾದ ವಿಮಾನವು ನಮ್ಮಲ್ಲಿ ಇರಲಿಲ್ಲ. ಹಿಂದಿನ ಎಲ್ಲ ಸರಕಾರಗಳೂ ಈ ದೋಷಕ್ಕೆ ಪಾಲುದಾರರು. ಪಕ್ಷಗಳ ಹೆಸರು ಹಿಡಿದು ಜಗಳವಾಡುವುದಕ್ಕೆ ಇಲ್ಲಿ ಏನೂ ಉಳಿದಿಲ್ಲ. ೨೦೨೫ರ ಆಗಸ್ಟಿನಲ್ಲಿ ರಕ್ಷಣಾ ಸಚಿವರು ಫ್ರಾನ್ಸಿನ ಸಾಫ್ರಾನ್ ಕಂಪನಿಯೊಡನೆ ಕೂಡಿ ಯುದ್ಧವಿಮಾನದ ಎಂಜಿನನ್ನು ಭಾರತದಲ್ಲಿಯೇ ತಯಾರಿಸುವ ಕಡೆಗೆ ಹೆಜ್ಜೆಯಿಡುತ್ತಿರುವುದಾಗಿ ಹೇಳಿದರು. ಮಾತು ಸ್ವಾಗತಾರ್ಹ. ನಕ್ಷೆಯ ಹಕ್ಕು ಯಾರದು, ಅಲಗುಗಳನ್ನು ಎರಕ ಹೊಯ್ಯುವ ವಿದ್ಯೆಯು ನಿಜವಾಗಿ ನಮ್ಮ ಕೈಗೆ ಬರುವುದೊ ಅಥವಾ ನಾಸಿಕದ ಮಿಗ್‌ಗಳಂತೆ ಜೋಡಿಸುವ ಕೆಲಸವು ಮಾತ್ರ ನಮ್ಮದೊ, ಇವೆರಡು ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರವು ಬರುವವರೆಗೆ ಸಂಭ್ರಮವನ್ನು ಮುಂದಕ್ಕೆ ಹಾಕುವುದು ಲೇಸು.

ಒಂದನೆಯ ದಳದ ಮಿರಾಜ್‌ಗಳಿಗೂ ವಯಸ್ಸಾಗಿದೆ. ಅವುಗಳ ಸ್ಥಾನಕ್ಕೆಂದು ಯೋಜಿಸಿರುವುದು ತೇಜಸ್ಸಿನ ದೊಡ್ಡ ರೂಪವಾದ ಮಾರ್ಕ್ ೨. ಡ್ರಿಗ್ ರೋಡಿನಲ್ಲಿ ಹುಟ್ಟಿದ ದಳವು ಕಡೆಗೂ ಬೆಂಗಳೂರಿನ ವಿಮಾನವನ್ನು ಏರುವ ಸಂಭವವು ಇದರಿಂದ ಮೊದಲ ಬಾರಿಗೆ ಉಂಟಾಗಿದೆ. ಅದರ ಎಂಜಿನೂ ಅಮೆರಿಕದ್ದೇ. ಆ ಎಂಜಿನನ್ನು ಭಾರತದಲ್ಲಿ ತಯಾರಿಸುವ ವಿಚಾರವನ್ನು ೨೦೨೩ರ ಜೂನ್ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸಾರಲಾಯಿತು. ಆ ಕರಾರಿನ ಷರತ್ತುಗಳನ್ನೂ, ಕಾವೇರಿಯ ಮೇಲೆ ಇದುವರೆಗೆ ಆದ ವೆಚ್ಚದ ಮತ್ತು ಇನ್ನು ಮುಂದೆ ಕೊಡಲಿರುವ ಹಣದ ಲೆಕ್ಕವನ್ನೂ ಸರಕಾರವು ಬರುವ ಅಧಿವೇಶನದಲ್ಲಿ ಸಂಸತ್ತಿನ ಮುಂದೆ ಇಡಬೇಕೆಂದು ನಾವು ಕೇಳುತ್ತೇವೆ. ಕರ್ನಾಟಕದ ಸದಸ್ಯರು ಪಕ್ಷಭೇದವಿಲ್ಲದೆ ಆ ಪ್ರಶ್ನೆಯನ್ನು ಎತ್ತಬೇಕೆಂದೂ ಕೇಳುತ್ತೇವೆ.